ಎಂಟು ವರ್ಷ ತಡವಾಗಿ: ಪಂಡಿತಾ ರಮಾಬಾಯಿಯವರ ಪ್ರಕರಣ

ಪ್ರಾರ್ಥನಾ ಕೂಟಗಳಲ್ಲಿ ಹೇಳುವ ಸಾಕ್ಷಿಗಳಿಗೆ ಒಂದು ಅಚ್ಚು ಇದೆ. ಮೊದಲು ಹೀಗಿದ್ದೆ, ಕಷ್ಟ ಬಂತು, ಕರ್ತನ ಹತ್ತಿರ ಬಂದೆ, ಈಗ ಸಮಾಧಾನವಾಗಿದ್ದೇನೆ. ಹೇಳುವವರು ಸುಳ್ಳು ಹೇಳುತ್ತಾರೆ ಅಂತಲ್ಲ. ಆದರೆ ಕೇಳಿಸಿಕೊಂಡು ಮನೆಗೆ ಹೋಗುವಾಗ ಕೆಲವರಿಗೆ ಒಳಗೊಳಗೇ ಮುಜುಗರ ಆಗುತ್ತದೆ. ನನಗೂ ಕಷ್ಟ ಬಂತಲ್ಲ, ದೀಕ್ಷಾಸ್ನಾನವೂ ಆಯಿತಲ್ಲ, ಮತ್ತೆ ಯಾಕೆ ಒಳಗೆ ಏನೂ ಅಲ್ಲಾಡಿಲ್ಲ?

ಹಾಗೆ ಕೇಳುವವರಿಗೆ ನಾನು ಪಂಡಿತಾ ರಮಾಬಾಯಿಯವರ ಕಥೆ ಹೇಳುತ್ತೇನೆ. ಅವರು ದೀಕ್ಷಾಸ್ನಾನ ಪಡೆದದ್ದು 1883ರ ಸೆಪ್ಟೆಂಬರ್ 29ರಂದು, ಇಂಗ್ಲೆಂಡಿನಲ್ಲಿ. ಆಮೇಲೆ ಎಂಟು ವರ್ಷ ಅವರು ಕ್ರೈಸ್ತರಾಗಿಯೇ ಇದ್ದರು. ಓದಿದರು, ಪ್ರಾರ್ಥಿಸಿದರು, ವಿಧವೆಯರಿಗಾಗಿ ಮನೆ ಕಟ್ಟಿದರು. 1907ರಲ್ಲಿ ತಮ್ಮ ಸಾಕ್ಷಿಯನ್ನು ಬರೆಯಲು ಕುಳಿತಾಗ ಆ ಎಂಟು ವರ್ಷಗಳ ಬಗ್ಗೆ ಅವರು ಹೇಳಿದ್ದು ಇಷ್ಟು: ನನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ. ಅದಕ್ಕೆ ಬೇರೆ ಯಾರೂ ಕಾರಣರಲ್ಲ ಅಂತಲೂ ಸೇರಿಸಿದರು.

ಈ ಬರಹ ಆ ಎಂಟು ವರ್ಷಗಳ ಬಗ್ಗೆ. ಅದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಘಟ್ಟಕ್ಕೇ ಹೋಗಬೇಕು.

ಘಟ್ಟ ಇಳಿದ ಬೆತ್ತದ ಪೆಟ್ಟಿಗೆ

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಗಂಗಾಮೂಲದ ಕಾಡಿನಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ ಅದು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಮರಾಠಿ ಮಾತಾಡುವ ಬ್ರಾಹ್ಮಣ ಪಂಡಿತರು, ಆಚಾರದಲ್ಲಿ ಕಟ್ಟುನಿಟ್ಟು. ಆದರೆ ಒಂದು ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಅದಕ್ಕಾಗಿ ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಕೊಟ್ಟರು. ಆಮೇಲೆ ಕಾಡಿನಲ್ಲಿ ಮನೆ ಕಟ್ಟಿಕೊಂಡು, ಬಂದ ವಿದ್ಯಾರ್ಥಿಗಳಿಗೆಲ್ಲ ಪಾಠದ ಜೊತೆ ಊಟವನ್ನೂ ಹಾಕಿದರು. ಸಾಲ ಆಯಿತು. ಮಗುವಿಗೆ ಆರು ತಿಂಗಳಿರುವಾಗ ಮನೆ ಬಿಟ್ಟು ಹೊರಟರು. ಮಗುವನ್ನು ದೊಡ್ಡ ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳೊಬ್ಬನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿದರು.

ಅವತ್ತಿನಿಂದ ಸುಮಾರು ಇಪ್ಪತ್ತು ವರ್ಷ ಆ ಕುಟುಂಬಕ್ಕೆ ಮನೆ ಅಂತ ಇರಲಿಲ್ಲ. ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ನಡೆಯುವುದು, ದೇವಸ್ಥಾನದ ಜಗಲಿಯಲ್ಲಿ ಕುಳಿತು ಪುರಾಣ ಓದುವುದು, ಜನ ಮುಂದಿಟ್ಟ ಅಕ್ಕಿ, ಹಣ್ಣು, ಕಾಸಿನಲ್ಲಿ ಬದುಕುವುದು. ತಾಯಿ ಬೆಳಗಿನ ಜಾವವೇ ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಭಾಗವತದ 18,000 ಶ್ಲೋಕ ರಮಾಬಾಯಿಗೆ ಬಾಯಿಪಾಠ. ಮರಾಠಿ, ಕನ್ನಡ, ಹಿಂದೂಸ್ತಾನಿ, ಆಮೇಲೆ ಬಂಗಾಳಿ, ಎಲ್ಲವೂ ದಾರಿಯಲ್ಲೇ ನಾಲಿಗೆಗೆ ಅಂಟಿಕೊಂಡ ಭಾಷೆಗಳು.

1874ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಬರ ಬಿತ್ತು. ಕೈಯಲ್ಲಿದ್ದ ದುಡ್ಡನ್ನು ಅವರು ದಾನಕ್ಕೆ, ಪೂಜೆಗೆ ಖರ್ಚು ಮಾಡಿದರು, ಪುಣ್ಯ ಬಂದರೆ ಕಷ್ಟ ಹೋಗುತ್ತದೆ ಅನ್ನುವ ನಂಬಿಕೆಯಿಂದ. ದುಡ್ಡಾದ ಮೇಲೆ ಒಡವೆ ಹೋದವು, ಒಡವೆಯಾದ ಮೇಲೆ ಪಾತ್ರೆ ಹೋದವು. ತಿರುಪತಿಯ ಸುತ್ತಿನ ಕಾಡಿನಲ್ಲಿ ಹನ್ನೊಂದು ಹಗಲು, ಹನ್ನೊಂದು ರಾತ್ರಿ ನೀರು, ಎಲೆ, ಒಂದು ಹಿಡಿ ಕಾಡು ಖರ್ಜೂರದಲ್ಲಿ ಕಳೆದರು. ಕೂಲಿಗೆ ಹೋಗುವುದು ಹೇಗೆಂದು ಗೊತ್ತಿಲ್ಲ, ಬೇಡುವುದಕ್ಕೆ ಬಾಯಿ ಬರುವುದಿಲ್ಲ. ತಂದೆ ಹೋದರು. ಹೋಗುವ ಮುಂಚೆ ಕಿರಿಯ ಮಗಳನ್ನು ಹತ್ತಿರ ಕರೆದು, ನಿನ್ನನ್ನು ದೇವರ ಕೈಗೆ ಕೊಟ್ಟಿದ್ದೇನೆ, ನೀನು ಅವನವಳು, ಬದುಕಿರುವವರೆಗೂ ಅವನ ಸೇವೆ ಮಾಡು ಅಂದಿದ್ದರು.

ಕೆಲವೇ ವಾರಗಳಲ್ಲಿ ತಾಯಿ. ಹಸಿವಿನಿಂದ ನರಳುತ್ತಿದ್ದ ತಾಯಿಗೆ ಒಂದು ತುಂಡು ರೊಟ್ಟಿ ಕೇಳಲು ರಮಾಬಾಯಿ ಒಂದು ಮನೆಯ ಮುಂದೆ ನಿಂತರು. ಮಾತು ಹೊರಡಲಿಲ್ಲ. ಆ ಮನೆಯಾಕೆ ಮುಖ ನೋಡಿಯೇ ಅರ್ಥ ಮಾಡಿಕೊಂಡು ಕೊಟ್ಟರು. ರೊಟ್ಟಿ ತಂದಾಗ ತಾಯಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ. ಹೆಣ ಹೊರಲು ನಾಲ್ಕು ಜನ ಬೇಕಿತ್ತು. ಸಿಕ್ಕವರು ಇಬ್ಬರು. ಅಣ್ಣ ಒಂದು ಕಡೆ, ತಂಗಿ ಒಂದು ಕಡೆ ಹೆಗಲು ಕೊಟ್ಟರು. ರಮಾಬಾಯಿ ಗಿಡ್ಡಗಿದ್ದ ಕಾರಣ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತು ಮೂರು ಮೈಲಿ ನಡೆದರು. ಆಮೇಲೆ ಅಕ್ಕನೂ ಕಾಲರಾಕ್ಕೆ ಹೋದಳು.

ಇಲ್ಲಿ ಸ್ವಲ್ಪ ನಿಲ್ಲೋಣ. ‘ಕಷ್ಟ ಮನುಷ್ಯರನ್ನು ದೇವರ ಹತ್ತಿರ ತರುತ್ತದೆ’ ಅಂತ ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ, ಅಲ್ವಾ? ಈ ಪ್ರಕರಣದಲ್ಲಿ ಕಷ್ಟ ಮಾಡಿದ್ದು ಅದಕ್ಕೆ ಉಲ್ಟಾ. ಉಳಿದ ಅಣ್ಣ ತಂಗಿ ಇಬ್ಬರೂ ಇನ್ನೂ ಮೂರು ವರ್ಷ ನಡೆದರು, ಉತ್ತರದ ತುದಿಯವರೆಗೆ. ಜೇಲಂ ನದಿಯ ದಂಡೆಯಲ್ಲಿ ಹೊದೆಯಲು ಏನೂ ಇಲ್ಲದೆ, ಮರಳಿನಲ್ಲಿ ಗೋರಿಯಂಥ ಎರಡು ಗುಂಡಿ ತೋಡಿ, ಕತ್ತಿನವರೆಗೆ ಒಣ ಮರಳು ಎಳೆದುಕೊಂಡು ಚಳಿಯ ರಾತ್ರಿ ಕಳೆದರು. ಅಷ್ಟೆಲ್ಲ ಆದಮೇಲೆ ನಂಬಿಕೆ ಗಟ್ಟಿಯಾಗಲಿಲ್ಲ, ಕಳಚಿ ಬಿತ್ತು. ಹೇಳಿದ ವ್ರತಗಳನ್ನೆಲ್ಲ ಮಾಡಿದ್ದೇವೆ, ಫಲ ಮಾತ್ರ ಬಂದಿಲ್ಲ ಅನ್ನುವ ಲೆಕ್ಕಕ್ಕೆ ಬಂದರು.

ಲೆಕ್ಕ ಅನ್ನುವ ಪದವನ್ನು ಬೇಕಂತಲೇ ಬಳಸಿದ್ದೇನೆ. ಮುಂದೆ ಅದೇ ಮುಖ್ಯ.

ಕುರ್ಚಿಗೆ ಪೂಜೆ

1878ರಲ್ಲಿ ಇಬ್ಬರೂ ಕಲ್ಕತ್ತಾ ಮುಟ್ಟಿದರು. ಇಪ್ಪತ್ತು ವರ್ಷದ ಹುಡುಗಿಯ ಸಂಸ್ಕೃತ ಕೇಳಿ ಅಲ್ಲಿನ ವಿದ್ವಾಂಸರು ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಅನ್ನುವ ಬಿರುದು ಕೊಟ್ಟರು. ಹೊಟ್ಟೆಗಿಲ್ಲದೆ ಮರಳಲ್ಲಿ ಮಲಗಿದ್ದವರು ರಾತ್ರಿ ಕಳೆಯುವುದರಲ್ಲಿ ಪತ್ರಿಕೆಗಳಲ್ಲಿ ಬಂದರು.

ಅವರು ಮೊದಲ ಸಲ ಕ್ರೈಸ್ತರ ಕೂಟ ನೋಡಿದ್ದು ಅಲ್ಲೇ. ಚಹಾ, ಬಿಸ್ಕೆಟ್ ಕೊಟ್ಟರು. ಬ್ರಾಹ್ಮಣರೇ ಅನ್ಯರ ಜೊತೆ ಕುಳಿತು ತಿನ್ನುವುದು ನೋಡಿ ಇವರಿಗೆ ದಿಗಿಲು, ಕಲಿಯುಗ ಬಂದೇಬಿಟ್ಟಿತು ಅಂದುಕೊಂಡರು. ಆಮೇಲೆ ಎಲ್ಲರೂ ಹಿಂದೆ ತಿರುಗಿ, ತಾವು ಕುಳಿತಿದ್ದ ಕುರ್ಚಿಯ ಮುಂದೆ ಮಂಡಿಯೂರಿ, ಕಣ್ಣು ಮುಚ್ಚಿ ಏನೋ ಹೇಳತೊಡಗಿದರು. ಅಣ್ಣ ತಂಗಿ ನೋಡಿದರು. ಎದುರಿಗೆ ವಿಗ್ರಹ ಇಲ್ಲ, ಏನೂ ಇಲ್ಲ. ಸರಿ, ಈ ಜನ ಕುರ್ಚಿಗೇ ಪೂಜೆ ಮಾಡುತ್ತಾರೆ ಅಂತ ತೀರ್ಮಾನಿಸಿದರು! ಹೊರಗಿನಿಂದ ನೋಡುವವರಿಗೆ ನಮ್ಮ ಆರಾಧನೆ ಹೇಗೆ ಕಾಣುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಬರುವಾಗ ಕೈಗೊಂದು ಸಂಸ್ಕೃತ ಸತ್ಯವೇದ ಕೊಟ್ಟರು. ಆ ಸಂಸ್ಕೃತ ಎಷ್ಟು ವಿಚಿತ್ರವಾಗಿತ್ತೆಂದರೆ ಪಂಡಿತೆಗೇ ಓದಲಾಗಲಿಲ್ಲ.

1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ರಮಾಬಾಯಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ರಿಜಿಸ್ಟರ್ ಮದುವೆಯಾದರು. ಬೇರೆ ಜಾತಿ, ಬೇರೆ ಭಾಷೆ. ಅಸ್ಸಾಮಿನ ಸಿಲ್ಚಾರ್‌ನಲ್ಲಿ ಸಂಸಾರ. ಮನೆಯ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆಯ ಒಂದು ಸಣ್ಣ ಪ್ರತಿ ಕಣ್ಣಿಗೆ ಬಿತ್ತು. ಹೇಗೆ ಬಂತೋ ಗೊತ್ತಿಲ್ಲ. ಆಸಕ್ತಿಯಿಂದ ಓದಿದರು. ಹೆಂಡತಿ ಕ್ರೈಸ್ತಳಾಗುತ್ತಾಳೋ ಅನ್ನುವುದು ಗಂಡನಿಗೆ ಹಿಡಿಸಲಿಲ್ಲ. ಮಾತು ಅಲ್ಲಿಗೇ ನಿಂತಿತು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡನೂ ಕಾಲರಾಕ್ಕೆ ತುತ್ತಾದರು. ರಮಾಬಾಯಿಗೆ ಆಗ ಇನ್ನೂ 24 ತುಂಬಿರಲಿಲ್ಲ.

ಫುಲ್ಹಾಮ್‌ನಲ್ಲಿ ಕೇಳಿದ ಕಥೆ

ಪುಣೆಗೆ ಬಂದರು, ಆರ್ಯ ಮಹಿಳಾ ಸಮಾಜ ಕಟ್ಟಿದರು, ವೈದ್ಯಕೀಯ ಓದಬೇಕೆಂದು ತೀರ್ಮಾನಿಸಿ 1883ರಲ್ಲಿ ಮಗುವಿನ ಸಮೇತ ಇಂಗ್ಲೆಂಡಿಗೆ ಹಡಗು ಹತ್ತಿದರು. ಧರ್ಮ ಬದಲಿಸುವುದಿಲ್ಲ ಅಂತ ಹೇಳಿಯೇ ಹೊರಟಿದ್ದರು. ವಾಂಟೇಜ್‌ನ ಆಂಗ್ಲಿಕನ್ ಸಿಸ್ಟರ್‌ಗಳ ಮಠದಲ್ಲಿ ಉಳಿದರು.

ಅಲ್ಲಿನ ಸಿಸ್ಟರ್‌ಗಳು ಒಮ್ಮೆ ಲಂಡನ್ನಿನ ಫುಲ್ಹಾಮ್‌ನಲ್ಲಿದ್ದ ತಮ್ಮ ಮನೆ ತೋರಿಸಲು ಕರೆದುಕೊಂಡು ಹೋದರು. ಸಮಾಜ ‘ಕೆಟ್ಟವಳು’ ಅಂತ ಹೊರಗಟ್ಟಿದ ಹೆಂಗಸರು ಅಲ್ಲಿದ್ದರು. ಅವರನ್ನು ಸಿಸ್ಟರ್‌ಗಳು ನೋಡಿಕೊಳ್ಳುವ ರೀತಿ ಕಂಡು ರಮಾಬಾಯಿಗೆ ಮಾತೇ ಹೊರಡಲಿಲ್ಲ. ತಾವು ಓದಿದ ಧರ್ಮಶಾಸ್ತ್ರದಲ್ಲಿ ಅಂಥವರಿಗೆ ಶಿಕ್ಷೆ ಇತ್ತು, ಕರುಣೆ ಇರಲಿಲ್ಲ ಅಂತ ಅವರು ಬರೆದಿದ್ದಾರೆ. ಯಾಕೆ ಹೀಗೆ ಮಾಡುತ್ತೀರಿ ಅಂತ ಕೇಳಿದರು. ಒಬ್ಬ ಸಿಸ್ಟರ್ ವಾದ ಮಾಡಲಿಲ್ಲ. ಯೋಹಾನನ ಸುವಾರ್ತೆಯ 4ನೇ ಅಧ್ಯಾಯ ತೆಗೆದು ಸಮಾರ್ಯದ ಹೆಂಗಸಿನ ಕಥೆ ಓದಿದರು. ಮಧ್ಯಾಹ್ನದ ಬಿಸಿಲಲ್ಲಿ, ಯಾರೂ ಇಲ್ಲದ ಹೊತ್ತು ನೋಡಿ ನೀರಿಗೆ ಬಂದವಳು. ಐದು ಗಂಡಂದಿರನ್ನು ಕಂಡವಳು. ಯೇಸು ಅವಳ ಹತ್ತಿರ ಕುಡಿಯಲು ನೀರು ಕೇಳುತ್ತಾನೆ. 

ಆ ವರ್ಷದ ಸೆಪ್ಟೆಂಬರ್‌ನಲ್ಲಿ ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು. ನಮ್ಮ ಸಾಕ್ಷಿಗಳು ಸಾಮಾನ್ಯವಾಗಿ ಮುಗಿಯುವುದು ಇಲ್ಲಿಗೆ.

ಇವರದು ಇಲ್ಲಿಂದ ಶುರು. ಮೊದಲನೆಯ ಪೆಟ್ಟು ಕಿವಿಗೆ. ಕಿವಿ ಮಂದವಾಗುತ್ತಾ ಹೋಯಿತು, ಡಾಕ್ಟರ್ ಆಗುವ ದಾರಿ ಮುಚ್ಚಿತು. ಅದಕ್ಕಾಗಿಯೇ ಸಮುದ್ರ ದಾಟಿ ಬಂದಿದ್ದು! ಚೆಲ್ಟನ್‌ಹ್ಯಾಮ್‌ನ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಾ ತಾವೂ ಓದಿದರು. ಎರಡನೆಯದು ಜಗಳ. ತಮ್ಮ ಆತ್ಮಿಕ ತಾಯಿಯಂತಿದ್ದ ಸಿಸ್ಟರ್ ಜೆರಾಲ್ಡಿನ್ ಜೊತೆ ವರ್ಷಗಟ್ಟಲೆ ಪತ್ರದಲ್ಲಿ ವಾದ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಅನ್ನುವ ತ್ರಯೈಕ್ಯದ ಬಗ್ಗೆ ಪ್ರಶ್ನೆ, ಪಾದ್ರಿಗಳ ಅಧಿಕಾರದ ಬಗ್ಗೆ ಪ್ರಶ್ನೆ. ಮಾಂಸ, ಮೊಟ್ಟೆ ಮುಟ್ಟುವುದಿಲ್ಲ ಅನ್ನುವ ಹಟ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಬೇಡ, ಸಂಸ್ಕೃತ ಇರಲಿ, ನಮ್ಮ ಭಾಷೆಗಿಂತ ಲ್ಯಾಟಿನ್‌ನಲ್ಲಿ ಏನು ಹೆಚ್ಚು ಪಾವಿತ್ರ್ಯ ಇದೆ ಅನ್ನುವ ವಾದ. ನನಗೆ ನನ್ನದೇ ಮನಸ್ಸಾಕ್ಷಿ ಇದೆ, ಬುದ್ಧಿ ಇದೆ ಅಂತ ಖಡಕ್ಕಾಗಿ ಬರೆದರು.

ಈ ಪತ್ರಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. ಹೊಸ ವಿಶ್ವಾಸಿಯ ಅಹಂಕಾರ ಅಂತ ಮೊದಲು ಅನ್ನಿಸುತ್ತಿತ್ತು. ಈಗ ಅನ್ನಿಸುವುದು ಬೇರೆ. ಅರ್ಥವಾಗದ್ದನ್ನು ಅರ್ಥವಾಯಿತು ಅಂತ ಒಪ್ಪಿಕೊಂಡು ಸುಮ್ಮನಿರಲು ಅವರಿಂದ ಆಗಲಿಲ್ಲ. ಆ ಪ್ರಾಮಾಣಿಕತೆ ಇಲ್ಲದೇ ಹೋಗಿದ್ದರೆ, ಎಂಟು ವರ್ಷದ ನಂತರ ‘ನನಗೆ ಇನ್ನೂ ಸಿಕ್ಕಿಲ್ಲ’ ಅಂತ ತಮಗೆ ತಾವೇ ಹೇಳಿಕೊಳ್ಳಲು ಧೈರ್ಯ ಬರುತ್ತಿರಲಿಲ್ಲ.

1886ರಲ್ಲಿ ಅಮೆರಿಕಕ್ಕೆ ಹೋದರು. ಆನಂದಿಬಾಯಿ ಜೋಶಿ ಡಾಕ್ಟರ್ ಪದವಿ ಪಡೆಯುವುದನ್ನು ನೋಡಲು! ತಾವು ಆಗಲಾಗದ್ದನ್ನು ಇನ್ನೊಬ್ಬಳು ಆಗುವುದನ್ನು ಕಣ್ಣಾರೆ ನೋಡಿದರು. ಅಲ್ಲೇ ಉಳಿದು ಊರೂರು ತಿರುಗಿ ಮಾತಾಡಿದರು, ಪುಸ್ತಕ ಬರೆದರು, ಬಾಲವಿಧವೆಯರ ಶಾಲೆಗೆ ಹತ್ತು ವರ್ಷ ಹಣ ಕೊಡುವ ಸಂಘ ಬಾಸ್ಟನ್‌ನಲ್ಲಿ ಹುಟ್ಟಿತು. 1889ರ ಮಾರ್ಚ್ 11ರಂದು ಮುಂಬೈಯಲ್ಲಿ ಆ ಶಾಲೆ, ಶಾರದಾ ಸದನ, ತೆರೆಯಿತು. ಶುರುವಿನಲ್ಲೇ ಸೇರಿದ ಗೋದೂಬಾಯಿ ಅನ್ನುವ ವಿಧವೆ ಮುಂದೆ ಸಮಾಜ ಸುಧಾರಕ ಧೋಂಡೊ ಕೇಶವ ಕರ್ವೆಯವರನ್ನು ಮದುವೆಯಾದರು. 1890ರಲ್ಲಿ ಸದನ ಪುಣೆಗೆ ಬಂತು.

ಹೊರಗಿನಿಂದ ನೋಡಿದರೆ ಎಲ್ಲ ಕೈಗೂಡಿತ್ತು.

1891

ಆಗ ಅವರ ಕೈಗೆ ಒಬ್ಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಬಂತು. ಆ ಪಾದ್ರಿ ವರ್ಷಗಟ್ಟಲೆ ಪ್ರಸಂಗ ಮಾಡಿದ ಮೇಲೆ, ತನಗೇ ಹೊಸ ಜನ್ಮ ಆಗಿಲ್ಲ ಅಂತ ಕಂಡುಕೊಂಡವನು. ಓದುತ್ತಾ ರಮಾಬಾಯಿಗೆ ತಮ್ಮ ಮುಖವೇ ಕಂಡಿತು. ವಿಶ್ವಾಸಪ್ರಮಾಣ ಒಪ್ಪಿದ್ದೇನೆ, ದೀಕ್ಷಾಸ್ನಾನ ಆಗಿದೆ, ಸೇವೆ ಮಾಡುತ್ತಿದ್ದೇನೆ, ಆದ್ದರಿಂದ ನಾನು ಕ್ರೈಸ್ತಳು. ಅವರು ಅಂದುಕೊಂಡಿದ್ದು ಹಾಗೆ.

ಅಂದರೆ ಏನಾಗಿತ್ತು? ತಿರುಪತಿಯ ಹತ್ತಿರ ಆ ಕುಟುಂಬ ಕೊನೆಯ ಕಾಸನ್ನೂ ದಾನ ಮಾಡಿದ್ದು ಪುಣ್ಯ ಗಳಿಸಲು. ಚಿಕ್ಕಂದಿನಿಂದ ಕಲಿತದ್ದು ಅದೇ: ಈ ಜನ್ಮದ ಸುಖವಾಗಲಿ, ಮುಂದಿನದಾಗಲಿ, ದುಡಿದೇ ಪಡೆಯಬೇಕು. ವ್ರತ ಬಿಟ್ಟರು, ಧರ್ಮ ಬಿಟ್ಟರು, ದೇಶ ಬಿಟ್ಟು ಹೋಗಿ ಬಂದರು. ಜಮಾ ಖರ್ಚಿನ ಪುಸ್ತಕ ಮಾತ್ರ ಗಂಟಿನಲ್ಲೇ ಇತ್ತು. ಬರೆಯುವ ಬಾಬ್ತು ಬದಲಾಗಿತ್ತು ಅಷ್ಟೇ. ಉಪವಾಸ ಇದ್ದ ಜಾಗದಲ್ಲಿ ಈಗ ಸೇವೆ, ಶ್ಲೋಕ ಇದ್ದ ಜಾಗದಲ್ಲಿ ಈಗ ವಾಕ್ಯ. ಹೀಗೆ ಕೂಡಿಸುತ್ತಾ ಹೋದರೆ ಮುಂದೊಂದು ದಿನ ರಕ್ಷಣೆ.

ಅವರಿಗೆ 1891ರಲ್ಲಿ ಹೊಳೆದದ್ದು ಇಷ್ಟೇ: ಕೋಟಿ ಜನ್ಮ ಕಾಯಬೇಕಾಗಿಲ್ಲ, ಸಾಯುವವರೆಗೂ ಕಾಯಬೇಕಾಗಿಲ್ಲ, ಈಗಲೇ, ಬಿಟ್ಟಿಯಾಗಿ, ನನಗಾಗಿ. ಕಗ್ಗತ್ತಲಿನ ಕೋಣೆಯಲ್ಲಿ ಕೂಡಿಹಾಕಿದಾಗ, ತುರ್ತಾಗಿ ಬೇಕಾದ ವಸ್ತುವನ್ನು ತಡಕಾಡುವವರ ಹಾಗಿದ್ದೆ, ಯಾರೋ ದೀಪ ತಂದ ಹಾಗಾಯಿತು ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ಕೋಣೆಗೆ ಹೊಸ ಸಾಮಾನು ಏನೂ ಬರಲಿಲ್ಲ ಅನ್ನುವುದನ್ನು ಗಮನಿಸಿ. ಸತ್ಯವೇದ ಅದೇ. ಸಮಾರ್ಯದ ಹೆಂಗಸಿನ ಕಥೆಯೂ ಅದೇ. ಫುಲ್ಹಾಮ್‌ನಲ್ಲಿ ಅವರು ಆ ಕಥೆಯನ್ನು ಬೇರೆ ಹೆಂಗಸರ ಕಥೆಯಾಗಿ ಕೇಳಿದ್ದರು, ಉದ್ಧಾರ ಮಾಡಬೇಕಾದವರ ಕಥೆಯಾಗಿ. ಬಾವಿಯ ಹತ್ತಿರ ನಿಂತವಳು ತಾನೇ ಅಂತ ಗೊತ್ತಾಗಲು ಎಂಟು ವರ್ಷ ಬೇಕಾಯಿತು. ಇದು ನನ್ನ ಓದು, ಅವರು ಹೀಗೆ ಬರೆದಿಲ್ಲ. ಆದರೆ ಅವರ ಮುಂದಿನ ಕೆಲಸ ನೋಡಿದರೆ ಹಾಗೇ ಅನ್ನಿಸುತ್ತದೆ.

ಮೂವತ್ತಮೂರು ವರ್ಷದಲ್ಲಿ ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಜಾತಿ, ದೇಶ, ಕಿವಿ, ಓದಬೇಕೆಂದಿದ್ದ ವಿದ್ಯೆ, ಎಲ್ಲ ಹೋಗಿತ್ತು. ಬದಲಾವಣೆಗೆ ಬರವಿರಲಿಲ್ಲ. ಅವು ಯಾವುದರಿಂದಲೂ ಆಗದ್ದು, ಏನೂ ಕಳೆದುಕೊಳ್ಳದ ಒಂದು ವರ್ಷದಲ್ಲಿ, ಕುಳಿತು ಪುಸ್ತಕ ಓದುವಾಗ ಆಯಿತು. ದೊಡ್ಡ ಕಷ್ಟದ ದಿನವೇ ದೇವರು ಮಾತಾಡಬೇಕು ಅಂತ ಕಾಯುವವರು ಇದನ್ನು ಸ್ವಲ್ಪ ಯೋಚಿಸಬೇಕು.

ತೆರೆದ ಬಾಗಿಲು

ಸಮಾಧಾನ ಸಿಕ್ಕಿತು, ಆಮೇಲೆ ಎಲ್ಲ ಸುಸೂತ್ರ ಅಂದುಕೊಂಡರೆ ತಪ್ಪು. ಬೆಳವಣಿಗೆಯ ಮೊದಲ ಬಿಲ್ ಬಂದದ್ದು 1893ರಲ್ಲಿ.

ಶಾರದಾ ಸದನದಲ್ಲಿ ಧರ್ಮ ಬೋಧನೆ ಇಲ್ಲ ಅನ್ನುವುದು ಒಪ್ಪಂದ. ಆ ನಂಬಿಕೆಯ ಮೇಲೆ ರಾನಡೆ, ಭಂಡಾರ್ಕರ್ ಅವರಂಥ ಹಿರಿಯ ಹಿಂದೂ ಸುಧಾರಕರು ಸಲಹಾ ಮಂಡಳಿಯಲ್ಲಿದ್ದರು. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳ ಜೊತೆ ಸತ್ಯವೇದ ಓದಿ ಪ್ರಾರ್ಥಿಸುತ್ತಿದ್ದರು. ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಹೊಸ್ತಿಲ ಹತ್ತಿರ ಕುಳಿತರು. ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಪುಣೆಯಲ್ಲಿ ಗುಲ್ಲೆದ್ದಿತು. ತಿಲಕರ ಕೇಸರಿ ಪತ್ರಿಕೆ ತರಾಟೆಗೆ ತೆಗೆದುಕೊಂಡಿತು. ಮಂಡಳಿಯ ಹಿರಿಯರು ಹೊರಬಂದರು. ಸುಮಾರು ಇಪ್ಪತ್ತೈದು ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು.

ನಾವು ಕ್ರೈಸ್ತರು ಇದನ್ನು ಹೇಳುವಾಗ ಆ ಹಿರಿಯರನ್ನು ವಿರೋಧಿಗಳ ಸಾಲಿಗೆ ಸೇರಿಸಿಬಿಡುತ್ತೇವೆ. ಅದು ಸರಿಯಲ್ಲ. ಒಂದು ಮಾತಿಗೆ ಒಪ್ಪಿ ಜೊತೆಗೆ ನಿಂತವರು ಅವರು, ಬೇಸರವಾಗುವುದು ಸಹಜ. ಇತ್ತ ರಮಾಬಾಯಿಯ ಕಷ್ಟವೂ ಅರ್ಥವಾಗುವಂಥದ್ದೇ. ತಮ್ಮದೇ ಮನೆಯಲ್ಲಿ ಕದ್ದುಮುಚ್ಚಿ ಪ್ರಾರ್ಥಿಸಬೇಕೇ? ಪುಣ್ಯದ ಲೆಕ್ಕ ಇಡುವ ಹಳೆಯ ರಮಾಬಾಯಿಯಾಗಿದ್ದರೆ ಸಂಸ್ಥೆ ಉಳಿಸಿಕೊಳ್ಳಲು ಆ ಬಾಗಿಲು ಹಾಕಿಕೊಳ್ಳುತ್ತಿದ್ದರೋ ಏನೋ. ಕೂಡಿಟ್ಟದ್ದು ಹೋದರೆ ಹೋಗಲಿ ಅನ್ನುವ ಧೈರ್ಯ 1891ರ ನಂತರದ್ದು.

ಆದರೂ ಲೆಕ್ಕದ ಚಾಳಿ ಪೂರ್ತಿ ಹೋಗಿತ್ತಾ? ಇಲ್ಲ ಬಿಡಿ. ಲೋಣಾವಳಾದ ಒಂದು ಕ್ಯಾಂಪ್ ಕೂಟಕ್ಕೆ ಹೋದಾಗ ಜೊತೆಯಲ್ಲಿ ಹದಿನೈದು ಮಂದಿ ವಿಶ್ವಾಸಿ ಹುಡುಗಿಯರಿದ್ದರು. ಬೆಳಿಗ್ಗೆ ಬೇಗ ಎದ್ದು, ಕರ್ತನೇ, ಈ ಸಂಖ್ಯೆಯ ವರ್ಗ ಮಾಡಿಕೊಡು ಅಂತ ಕೇಳಿದರು. ಹದಿನೈದು ಹದಿನೈದಲ 225. ಓದಿದಾಗ ನನಗೆ ನಗು ಬಂತು. ಇಷ್ಟವೂ ಆಯಿತು. ಸ್ವಭಾವ ಅಳಿಸಿ ಹೋಗುವುದಿಲ್ಲ, ಕೇಳುವ ರೀತಿ ಬದಲಾಗುತ್ತದೆ. ಮೊದಲು ದೇವರಿಗೆ ತಾವು ಕೊಟ್ಟದ್ದನ್ನು ಎಣಿಸುತ್ತಿದ್ದರು, ಈಗ ಬೇಕಾದ್ದನ್ನು ಎಣಿಸಿ ಕೇಳಿದರು.

ಬರ ಮತ್ತೆ ಬಂದಾಗ

1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ. ರಮಾಬಾಯಿ ಹೊರಟರು. ಅಲ್ಲಿ ಬರಗಾಲದ ಕಾಮಗಾರಿಗಳ ಸುತ್ತ, ಬಡವರ ಛತ್ರಗಳ ಸುತ್ತ ಎಲುಬಿನ ಗೂಡಾದ ಹುಡುಗಿಯರು, ಅವರನ್ನು ಮಾರಲು, ಕೊಳ್ಳಲು ಕಾದಿದ್ದ ಜನ. ನೋಡುತ್ತಾ ಇಪ್ಪತ್ತು ವರ್ಷದ ಹಿಂದಿನ ತಮ್ಮದೇ ಹಸಿವು ನೆನಪಾಯಿತು ಅಂತ ಬರೆದಿದ್ದಾರೆ.

ನನಗೆ ಈ ಪ್ರಕರಣದ ನಡುಗಂಬ ಇದೇ. ತಿರುಪತಿಯ ಕಾಡಿನ ಹನ್ನೊಂದು ದಿನಗಳಿಗೆ 1874ರಲ್ಲಿ ಯಾವ ಅರ್ಥವೂ ಇರಲಿಲ್ಲ. ಅವತ್ತು ಯಾರಾದರೂ ಬಂದು, ಇದರಲ್ಲಿ ದೇವರ ಉದ್ದೇಶ ಇದೆಯಮ್ಮಾ ಅಂದಿದ್ದರೆ ಅದು ಕ್ರೂರ ಮಾತಾಗುತ್ತಿತ್ತು. ಇಪ್ಪತ್ತು ವರ್ಷದ ನಂತರವೂ ತಾಯಿಯ ಸಾವಿಗೆ ಅದು ಸಮಜಾಯಿಷಿ ಆಗುವುದಿಲ್ಲ. ಆದರೆ ಬಾಯಿಬಿಟ್ಟು ಬೇಡಲಾಗದ ಹುಡುಗಿಯ ಮುಖ ನೋಡಿ ಅರ್ಥ ಮಾಡಿಕೊಳ್ಳಲು ಗೊತ್ತಿದ್ದವರು ಬೇಕಿತ್ತು. ಹಿಂದೆ ಹಾಗೆ ಅರ್ಥ ಮಾಡಿಕೊಂಡ ಒಬ್ಬ ಮನೆಯಾಕೆ ಇದ್ದಳಲ್ಲ, ಈಗ ಆ ಜಾಗದಲ್ಲಿ ಇವರು.

ಮುನ್ನೂರರಷ್ಟು ಹೆಣ್ಣುಮಕ್ಕಳನ್ನು ಕರೆತಂದರು. 225 ಎಲ್ಲೋ ಹಿಂದೆ ಉಳಿಯಿತು. ಪುಣೆಯಲ್ಲಿ ಪ್ಲೇಗ್, ಇಷ್ಟು ಜನರನ್ನು ಇಟ್ಟುಕೊಳ್ಳಬಾರದು ಅಂತ ಅಧಿಕಾರಿಗಳು ತಡೆದರು. ಕೇಡಗಾಂವ್ ಅನ್ನುವ ಹಳ್ಳಿಯಲ್ಲಿ ಮೊದಲೇ ಕೊಂಡಿದ್ದ ಹೊಲ ಇತ್ತು. ಅಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿ ಬೆಳೆದ ಆಶ್ರಮವೇ ಮುಕ್ತಿ. ಬೆಂಗಳೂರಿನಿಂದ ಕಲಬುರಗಿ, ಸೊಲ್ಲಾಪುರದ ಮೇಲೆ ಪುಣೆಗೆ ಹೋಗುವ ರೈಲು ಈಗಲೂ ಆ ಊರಿನ ಮೇಲೇ ಹಾದುಹೋಗುತ್ತದೆ.

1898ಕ್ಕೆ ಅಮೆರಿಕದ ಸಂಘದ ಹತ್ತು ವರ್ಷದ ಮಾತು ಮುಗಿಯಿತು. ಜನ ಮಾತ್ರ ಹೆಚ್ಚುತ್ತಾ ಹೋದರು. 1900ರ ಹೊತ್ತಿಗೆ ಮುಕ್ತಿಯಲ್ಲಿ ಸುಮಾರು 1,500 ಮಂದಿ. ಬಾವಿ ತೋಡಿದರು, ಬೆಳೆ ತೆಗೆದರು. ನೇಯ್ಗೆ, ಎಣ್ಣೆ ಗಾಣ, ಪಾತ್ರೆಗೆ ಕಲಾಯಿ, ಅಚ್ಚುಕೂಟ, ಎಲ್ಲ ಹೆಂಗಸರದೇ ಕೈ. ಕುರುಡು ಹೆಣ್ಣುಮಕ್ಕಳಿಗೆ ಮನೋರಮಾ ಬ್ರೈಲ್ ಕಲಿಸಿದರು. ಹೊರಗಟ್ಟಿಸಿಕೊಂಡ ಹೆಂಗಸರಿಗೆ ಕೃಪಾ ಸದನ ಅನ್ನುವ ಬೇರೆ ಮನೆ ಇತ್ತು. ಫುಲ್ಹಾಮ್ ಹೀಗೆ ಕೇಡಗಾಂವ್‌ಗೆ ಬಂತು.

1905ರ ಜೂನ್‌ನಲ್ಲಿ ಮುಕ್ತಿಯಲ್ಲಿ ದೊಡ್ಡ ಉಜ್ಜೀವನ, ಅಂದರೆ ಜನ ಒಟ್ಟೊಟ್ಟಿಗೆ ನಂಬಿಕೆಯಲ್ಲಿ ಹೊಸದಾಗಿ ಎಚ್ಚೆತ್ತುಕೊಳ್ಳುವುದು, ಆಯಿತು. ಅದರ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ, ನಾನು ಇಲ್ಲಿ ಬೆಳೆಸುವುದಿಲ್ಲ. ನನ್ನ ಗಮನ ಹೋಗುವುದು ಅದೇ ಕಾಲದಲ್ಲಿ ಸದ್ದಿಲ್ಲದೆ ಶುರುವಾದ ಇನ್ನೊಂದು ಕೆಲಸದ ಕಡೆಗೆ.

ಸುಲಭದ ಮರಾಠಿ

ಐವತ್ತರ ಹತ್ತಿರ ಬಂದ ಹೆಂಗಸು, ಕಿವಿ ಸರಿಯಾಗಿ ಕೇಳುವುದಿಲ್ಲ, ಮನೆಯ ತುಂಬ ಸಾವಿರಾರು ಜನ. ಹೀಬ್ರೂ, ಗ್ರೀಕ್ ಕಲಿಯಲು ಕುಳಿತರು. ಸತ್ಯವೇದವನ್ನು ಪೂರ್ತಿಯಾಗಿ, ಹೊಸದಾಗಿ ಮರಾಠಿಗೆ ತರಬೇಕು ಅನ್ನುವುದು ಯೋಜನೆ. ಯಾಕೆ? ಆಗಲೇ ಇದ್ದ ಅನುವಾದದಲ್ಲಿ ಸಂಸ್ಕೃತ ಜಾಸ್ತಿ, ಹಳ್ಳಿಯ ಹೆಂಗಸರಿಗೆ ಅರ್ಥವಾಗುವುದಿಲ್ಲ ಅನ್ನುವುದು ಅವರ ದೂರು.

ಈ ದೂರು ಹೇಳುತ್ತಿರುವವರು ಯಾರು ನೋಡಿ. ಹನ್ನೆರಡಕ್ಕೇ 18,000 ಶ್ಲೋಕ ಬಾಯಿಪಾಠ ಇದ್ದವರು. ಕಲ್ಕತ್ತಾ ‘ಸರಸ್ವತಿ’ ಅಂತ ಕರೆದವರು. ಶಿಲುಬೆಯ ಮೇಲೆ ಲ್ಯಾಟಿನ್ ಬೇಡ, ಸಂಸ್ಕೃತ ಬೇಕು ಅಂತ ಇಂಗ್ಲೆಂಡಿನಲ್ಲಿ ಹಟ ಹಿಡಿದವರು. ಅಪ್ಪ ಉಡುಪಿಯಲ್ಲಿ ಕಾದಾಡಿ ಉಳಿಸಿಕೊಟ್ಟ ಆಸ್ತಿ ಅದು. ಅದನ್ನೇ ಈಗ ಸಾಲು ಸಾಲಾಗಿ ಬದಿಗಿಟ್ಟು, ಗಾಣದ ಹತ್ತಿರ, ಬಾವಿಯ ಹತ್ತಿರ ಹೆಂಗಸರು ಆಡುವ ಮಾತನ್ನು ಹುಡುಕಿದರು. ಸಂಸ್ಕೃತ ವ್ಯಾಕರಣದಲ್ಲಿ ಪಳಗಿದ ತಲೆ ಇಲ್ಲದಿದ್ದರೆ ಆ ವಯಸ್ಸಿನಲ್ಲಿ ಹೀಬ್ರೂ ಹತ್ತುತ್ತಿರಲಿಲ್ಲ. ಆಸ್ತಿ ಹಾಳಾಗಲಿಲ್ಲ, ಬೇರೆ ಕೆಲಸಕ್ಕೆ ಬಂತು.

1912ರ ಸುಮಾರಿಗೆ ಗುಲ್ಬರ್ಗಾದಲ್ಲಿ ಶಾಲೆಯೊಂದು ಶುರುವಾಯಿತು. ಮನೋರಮಾ ಅದರ ಮುಖ್ಯಸ್ಥೆ. ಬೆತ್ತದ ಪೆಟ್ಟಿಗೆಯಲ್ಲಿ ಘಟ್ಟ ಇಳಿದವರ ಮಗಳು ಇನ್ನೊಂದು ಕಡೆಯಿಂದ ಕನ್ನಡ ನಾಡಿಗೆ ಬಂದಳು. ತನ್ನ ನಂತರ ಮುಕ್ತಿಯನ್ನು ನಡೆಸುವವಳು ಅವಳೇ ಅಂತ ತಾಯಿಯ ಲೆಕ್ಕಾಚಾರ ಇತ್ತು. 1921ರ ಜುಲೈಯಲ್ಲಿ ಮನೋರಮಾ ತೀರಿಕೊಂಡರು. ನಲವತ್ತು ವರ್ಷ.

ರಮಾಬಾಯಿಗೆ ಆಗ 63. ಉಳಿದಿದ್ದ ಒಂದೇ ರಕ್ತಸಂಬಂಧ ಅದು. 1874ರಲ್ಲಿ ಇಂಥ ಪೆಟ್ಟು ನಂಬಿಕೆಯನ್ನು ಕಿತ್ತುಹಾಕಿತ್ತು. ಈ ಸಲ ಅವರು ಮೇಜಿಗೆ ವಾಪಸ್ ಹೋದರು. ಕರಡು ತಿದ್ದುವುದು ಬಾಕಿ ಇತ್ತು. ದುಃಖ ಆಗಲಿಲ್ಲ ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳುವವರನ್ನು ನಾನು ನಂಬುವುದೂ ಇಲ್ಲ. ಆದರೆ ಏನು ಕೊಟ್ಟೆ, ಏನು ಬಂತು ಅಂತ ಕೇಳಿ ಪುಸ್ತಕ ಮುಚ್ಚಲಿಲ್ಲ. ಒಂಬತ್ತು ತಿಂಗಳು ಕೆಲಸ ಮಾಡಿದರು. ಅನುವಾದ ಮುಗಿಯಿತು. 1922ರ ಏಪ್ರಿಲ್ 5ರಂದು ಅವರೂ ಹೋದರು.

ಪುಸ್ತಕ ಪೂರ್ತಿಯಾಗಿ ಅಚ್ಚಾಗಿ ಬಂದದ್ದು 1924ರಲ್ಲಿ, ಮುಕ್ತಿಯ ಅಚ್ಚುಕೂಟದಲ್ಲೇ, ಅಲ್ಲಿನ ಹೆಂಗಸರ ಕೈಯಲ್ಲೇ. ಯೋಹಾನನ 4ನೇ ಅಧ್ಯಾಯಕ್ಕೂ ಒಂದೊಂದೇ ಅಕ್ಷರದ ಮೊಳೆ ಹೆಕ್ಕಿ ಸಾಲಾಗಿ ಜೋಡಿಸಿದವರು ಅವರೇ.